'ಚಳಿ' ಅನ್ನದೆ ಚಳಿಗಾಲ ಬರೆಸುವುದು: ಮಕ್ಕಳಿಗೆ ಪಂಚೇಂದ್ರಿಯ ಕವಿತೆ ಕಲಿಸಲು ಸಮಗ್ರ ಮಾರ್ಗದರ್ಶಿ

'ಚಳಿಗಾಲದ ಮೇಲೆ ಒಂದು ಕವಿತೆ ಬರೆಯಿರಿ' ಅಂತ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹೇಳಿ ನೋಡಿ. ಅರ್ಧ ಹಾಳೆಗಳಲ್ಲಿ ಹಿಮ ಬೀಳುತ್ತಿರುತ್ತದೆ. ಒಂದಿಬ್ಬರು ಹಿಮದ ಗೊಂಬೆಗೆ ಕ್ಯಾರೆಟ್ ಮೂಗನ್ನೂ ಇಟ್ಟಿರುತ್ತಾರೆ. ಕಲಬುರಗಿಯ ಮಗುವೂ ಅದನ್ನೇ ಬರೆಯುತ್ತದೆ, ಕುಂದಾಪುರದ ಮಗುವೂ ಅದನ್ನೇ ಬರೆಯುತ್ತದೆ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟಲು ಅಂದೂ ಬಹಳ ದೂರವಿತ್ತು. ಹಾಗಿದ್ದರೆ ಈ ಹಿಮ ಎಲ್ಲಿಂದ ಬಂತು? ಕಾರ್ಟೂನಿನಿಂದ, ರೈಮ್ಸ್ ಪುಸ್ತಕದಿಂದ. ಮಕ್ಕಳ ತಪ್ಪೇನಿಲ್ಲ. ಕವಿತೆ ಅಂದರೆ ಬೇರೆ ಯಾರದ್ದೋ ಚಳಿಗಾಲ ಅಂತ ಅವರಿಗೆ ಅನ್ನಿಸಿದೆ, ಅಷ್ಟೇ.

ಅದೇ ಮಗುವಿನ ಕೆನ್ನೆ ಬೆಳಗ್ಗೆ ಬಿರಿದಿರುತ್ತದೆ. ಕೈಯಲ್ಲಿ ಅವರೆಕಾಯಿ ಬಿಡಿಸಿದ ಜಿಡ್ಡು ಇರುತ್ತದೆ. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಿ, ಅಮ್ಮ ಅದನ್ನು ಬಿಸಿಲಿಗಿಟ್ಟಿರುತ್ತಾರೆ. ಇದೆಲ್ಲ ಕವಿತೆಗೆ ಬರಬಹುದು ಅಂತ ಯಾರೂ ಹೇಳಿರುವುದಿಲ್ಲ.

ಈ ಮಾರ್ಗದರ್ಶಿಯಲ್ಲಿ ಇರುವ ಮುಖ್ಯ ಉಪಾಯ ಎರಡೇ. ಒಂದು, ಬರೆಯುವ ಮುಂಚೆ ಮುಟ್ಟಿಸಿ, ಮೂಸಿಸಿ, ಕೇಳಿಸಿ. ಎರಡು, 'ಚಳಿ' ಅನ್ನುವ ಪದಕ್ಕೆ ರಜೆ ಕೊಡಿ. ಆ ಪದ ಇದ್ದರೆ ಮಗು ಅಲ್ಲೇ ನಿಂತುಬಿಡುತ್ತದೆ. ಇಲ್ಲದಿದ್ದರೆ ತುಟಿ, ಬೆರಳು, ಚೊಂಬು, ಹೊಗೆ ಎಲ್ಲವನ್ನೂ ಹುಡುಕಿಕೊಂಡು ಹೋಗಲೇಬೇಕಾಗುತ್ತದೆ.

ಯಾರಿಗೆ, ಯಾವಾಗ, ಎಷ್ಟು ಹೊತ್ತು

8ರಿಂದ 12 ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಇನ್ನೂ ಚಿಕ್ಕವರಾದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ. 40 ನಿಮಿಷದ ಮೂರು ಪೀರಿಯಡ್ ಬೇಕು: ಮೊದಲನೆಯದು ಮುಟ್ಟಿ ಮೂಸುವುದಕ್ಕೆ, ಎರಡನೆಯದು ಬರೆಯುವುದಕ್ಕೆ, ಮೂರನೆಯದು ತಿದ್ದಿ ಓದುವುದಕ್ಕೆ. ಮೂರನ್ನೂ ಒಂದೇ ದಿನ ಮುಗಿಸಬೇಡಿ. ನಡುವೆ ಒಂದು ರಾತ್ರಿ, ಒಂದು ಬೆಳಗು ಸಿಕ್ಕರೆ ಮಕ್ಕಳು ಮನೆಯಿಂದ ಏನಾದರೂ ಗಮನಿಸಿಕೊಂಡು ಬರುತ್ತಾರೆ.

ಮೊದಲ ಪೀರಿಯಡ್ ಬೆಳಗಿನದ್ದೇ ಆಗಬೇಕು. ಮಧ್ಯಾಹ್ನ ಮೂರಕ್ಕೆ ಫ್ಯಾನ್ ಹಾಕಿಕೊಂಡು ಚಳಿಗಾಲ ಬರೆಸಿದರೆ ಮತ್ತೆ ಹಿಮದ ಗೊಂಬೆಯೇ ಬರುತ್ತದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮನೆಯಲ್ಲಿ ಮಾಡಿಸುವುದಾದರೆ ಭಾನುವಾರ ಬೆಳಗ್ಗೆ, ಸ್ನಾನಕ್ಕೆ ಮುಂಚೆ.

ಹಂತ 1: ನಿಮ್ಮೂರಿನ ಚಳಿಗಾಲ ಯಾವುದು?

ಮಕ್ಕಳನ್ನು ಕೇಳುವ ಮುಂಚೆ ನೀವೇ ಕೂತು ಒಂದು ಪಟ್ಟಿ ಮಾಡಿ. ಕರ್ನಾಟಕಕ್ಕೆಲ್ಲ ಸೇರಿ ಒಂದೇ ಚಳಿಗಾಲ ಇಲ್ಲ.

ಬೆಂಗಳೂರು, ಕೋಲಾರ, ತುಮಕೂರು, ಮೈಸೂರಿನ ಕಡೆ ಚಳಿಗಾಲ ಅಂದರೆ ಅವರೆಕಾಯಿ. ಸೊಗಡು ಬಿದ್ದ ಕಾಯಿ, ಹಿತಕಿದ ಬೇಳೆ, ಬೇಳೆ ಹಿತಕುವಾಗ ಚಿಮ್ಮಿ ಸೋಫಾ ಕೆಳಗೆ ಹೋದ ಒಂದು ಕಾಳು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಆಮೇಲೆ ಸಂಕ್ರಾಂತಿಯ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಸಕ್ಕರೆ ಅಚ್ಚು, ಕಬ್ಬು, ಎಲಚಿ ಹಣ್ಣು.

ಉತ್ತರ ಕರ್ನಾಟಕದ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಅಂದರೆ ಭೂಮಿತಾಯಿಗೆ ಎಡೆ ಅರ್ಪಿಸುವುದು. ಎಳೆಯ ಜೋಳದ ತೆನೆ ಸುಟ್ಟು ಬಡಿದು ತಿನ್ನುವ ಸೀತನಿ. ಇದೊಂದರಲ್ಲೇ ಐದೂ ಇಂದ್ರಿಯಕ್ಕೆ ಕೆಲಸವಿದೆ.

ಮಲೆನಾಡಲ್ಲಿ ಅಡಿಕೆ ಕೊಯ್ಲು. ರಾತ್ರಿಯೆಲ್ಲ ಸುಲಿಯುವ ಸದ್ದು, ಬೇಯಿಸುವ ಹಂಡೆಯ ಆವಿ, ಅಡಿಕೆ ಬೆಂದ ನೀರಿನ, ಅಂದರೆ ಚೊಗರಿನ ಕಮಟು ವಾಸನೆ, ಕೆಂಪಾದ ಬೆರಳು. ಕೊಡಗು, ಚಿಕ್ಕಮಗಳೂರಲ್ಲಿ ಕಾಫಿ ಹಣ್ಣು ಕೊಯ್ಯುವ ಕಾಲ. ಗಿಡ ಮುಟ್ಟಿದರೆ ಎಲೆಯ ಮೇಲಿನ ಇಬ್ಬನಿ ತೋಳೊಳಗೆ ಇಳಿಯುತ್ತದೆ.

ಕರಾವಳಿಯ ಟೀಚರುಗಳು 'ನಮಗೆಲ್ಲಿ ಚಳಿಗಾಲ?' ಅಂತ ನಗುತ್ತಾರೆ. ನಿಜ, ಸ್ವೆಟರ್ ಬೇಕಾಗುವಷ್ಟಿಲ್ಲ. ಆದರೆ ಬೆಳಗ್ಗೆ ಅಂಗಳದ ಸಿಮೆಂಟು ಕಾಲಿಗೆ ಬೇರೆಯೇ ಆಗಿರುತ್ತದೆ. ರಾತ್ರಿ ಯಕ್ಷಗಾನದ ಚೆಂಡೆ ದೂರದ ಗದ್ದೆಯಿಂದ ಕೇಳುತ್ತದೆ. ಬಯಲಾಟ ನೋಡಲು ಹೋದವರ ತಲೆಗೆ ಮಫ್ಲರ್ ಬಂದಿರುತ್ತದೆ. ಚಳಿ ಕಮ್ಮಿ ಇರುವ ಊರಿನ ಮಕ್ಕಳು ಇನ್ನೂ ಸೂಕ್ಷ್ಮವಾಗಿ ಗಮನಿಸಬೇಕಾಗುತ್ತದೆ. ಅದು ಒಳ್ಳೆಯದೇ.

ಹಂತ 2: ತಟ್ಟೆ ಸಿದ್ಧ ಮಾಡಿ

ಒಂದು ದೊಡ್ಡ ತಟ್ಟೆ ಅಥವಾ ಮೊರದಲ್ಲಿ ಎಂಟು ಹತ್ತು ವಸ್ತು ಸಾಕು. ದುಡ್ಡು ಖರ್ಚು ಮಾಡಬೇಕಾಗಿಲ್ಲ. ಅವರೆಕಾಯಿ ಒಂದು ಹಿಡಿ, ಸಿಪ್ಪೆಯಿರುವ ಕಡಲೆಕಾಯಿ, ಹುರಿದ ಎಳ್ಳು, ಒಂದು ತುಂಡು ಬೆಲ್ಲ, ಕಿತ್ತಳೆ ಹಣ್ಣು, ಕಂಬಳಿಯ ತುಂಡು, ಸ್ಟೀಲ್ ಲೋಟ, ಮರದ ಸೌಟು, ಗಟ್ಟಿಯಾದ ಕೊಬ್ಬರಿ ಎಣ್ಣೆಯ ಚಿಕ್ಕ ಬಾಟಲಿ, ಒಣಗಿದ ಎಲೆಗಳು. ಶಾಲೆಯ ಅಂಗಳದಲ್ಲಿ ಹುಲ್ಲಿದ್ದರೆ ಇಬ್ಬನಿ ಸಮೇತ ಒಂದು ಹಿಡಿ ಕಿತ್ತು ತನ್ನಿ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಅದೇ ಬಡವರ ಥರ್ಮಾಮೀಟರ್. ಬಾಟಲಿಯನ್ನು ಒಂದು ಮಗುವಿನ ಎರಡೂ ಅಂಗೈ ನಡುವೆ ಇಡಿ. ಎಣ್ಣೆ ಅಂಚಿನಲ್ಲಿ ಮೊದಲು ಪಾರದರ್ಶಕವಾಗುತ್ತದೆ, ನಡುವಿನ ಬಿಳಿ ಉಂಡೆ ಮೆಲ್ಲಗೆ ತೇಲಲು ಶುರುವಾಗುತ್ತದೆ. ನೋಡುತ್ತಾ ನೋಡುತ್ತಾ ಮಕ್ಕಳು ತಾವಾಗಿಯೇ ಮಾತಾಡಲು ಶುರು ಮಾಡುತ್ತಾರೆ.

ಲೋಟ ಮತ್ತು ಸೌಟನ್ನು ಒಟ್ಟಿಗೆ ಇಡುವುದಕ್ಕೂ ಕಾರಣವಿದೆ. ಎರಡೂ ಅದೇ ಕೋಣೆಯಲ್ಲಿದ್ದರೂ ಸ್ಟೀಲು ಜಾಸ್ತಿ ತಣ್ಣಗನ್ನಿಸುತ್ತದೆ. ಲೋಹ ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ ಎಳೆದುಕೊಳ್ಳುತ್ತದೆ. ಇದನ್ನು ಎರಡು ಮಾತಲ್ಲಿ ಹೇಳಿಬಿಡಿ. 'ಲೋಟ ನನ್ನ ಬಿಸಿ ಕದ್ದಿತು' ಅಂತ ಯಾರಾದರೂ ಬರೆದರೆ ಅದು ವಿಜ್ಞಾನವೂ ಹೌದು, ಕವಿತೆಯೂ ಹೌದು.

ಒಂದು ಎಚ್ಚರ. ಕಡಲೆಕಾಯಿ, ಎಳ್ಳು ಕೆಲವು ಮಕ್ಕಳಿಗೆ ಅಲರ್ಜಿ. ಹಿಂದಿನ ದಿನವೇ ಮನೆಯವರನ್ನು ಕೇಳಿ. ಅಂಥ ಮಗು ಇದ್ದರೆ ಆ ವಸ್ತುವನ್ನು ತಟ್ಟೆಯಲ್ಲಿ ಇಡಲೇಬೇಡಿ. ಕಣ್ಣು ಮುಚ್ಚಿಸಿ ಬಾಯಿಗೆ ಏನನ್ನೂ ಹಾಕಬೇಡಿ. ರುಚಿ ನೋಡುವಾಗ ಏನು ತಿನ್ನುತ್ತಿದ್ದೇವೆ ಅಂತ ಮಗುವಿಗೆ ಗೊತ್ತಿರಬೇಕು.

ಹಂತ 3: ಕಣ್ಣಿಗೆ ಕೊನೆಯ ಸರದಿ

ಸಾಮಾನ್ಯವಾಗಿ ಪಾಠದಲ್ಲಿ ಕಣ್ಣು ಮೊದಲು, ಆಮೇಲೆ ಕಿವಿ, ಮೂಗು, ನಾಲಗೆ, ಚರ್ಮ ಅಂತ ಹೋಗುತ್ತೇವೆ. ಇಲ್ಲಿ ಉಲ್ಟಾ ಮಾಡಿ. ಕಣ್ಣು ನೋಡಿದ ತಕ್ಷಣ ಹೆಸರು ಹೇಳಿಬಿಡುತ್ತದೆ. 'ಅವರೆಕಾಯಿ!' ಅಂತ ಕೂಗಿದ ಮೇಲೆ ಮಗುವಿಗೆ ಮುಟ್ಟಿ ನೋಡುವ ಕುತೂಹಲವೇ ಉಳಿಯುವುದಿಲ್ಲ.

ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಕಣ್ಣು ಮುಚ್ಚಲಿ, ಇನ್ನೊಬ್ಬರು ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಲಿ. ಆಮೇಲೆ ಅದಲು ಬದಲು. ಬರೆದುಕೊಳ್ಳುವವರು ತಿದ್ದಬಾರದು, ನಗಬಾರದು. ಕ್ರಮ ಹೀಗಿರಲಿ: ಮೊದಲು ಮುಟ್ಟುವುದು, ಆಮೇಲೆ ಮೂಸುವುದು, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅಥವಾ ಒಡೆಯುವುದು. ಕಣ್ಣು ತೆರೆದು, ತಿನ್ನುವಂಥದ್ದಾದರೆ ರುಚಿ. ಕೊನೆಗೆ ಒಂದು ನಿಮಿಷ ಸುಮ್ನೆ ನೋಡುವುದು.

ಒಳಗಿನದ್ದು ಮುಗಿದ ಮೇಲೆ ಹತ್ತು ನಿಮಿಷ ಹೊರಗೆ ಕರೆದುಕೊಂಡು ಹೋಗಿ. ಬಾಯಿಂದ ಹೊಗೆ ಬಿಡುವ ಆಟ ಆಡಿಸಿ. ಉಸಿರಿನಲ್ಲಿರುವ ನೀರಾವಿ ತಣ್ಣನೆ ಗಾಳಿಗೆ ಸಣ್ಣ ಹನಿಗಳಾಗುವುದರಿಂದ ಹಾಗೆ ಕಾಣುತ್ತದೆ. ಗೋಡೆಗೆ ಕೆನ್ನೆ ಇಟ್ಟು ನೋಡಲಿ. ಬಿಸಿಲು ಬಿದ್ದ ಜಾಗ ಮತ್ತು ನೆರಳಿನ ಜಾಗದ ನಡುವಿನ ಗೆರೆಯ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಲಿ. ಇಷ್ಟು ಮಾಡಿಸಿದರೆ ಬರೆಯುವುದಕ್ಕೆ ಏನಿಲ್ಲ ಅನ್ನುವ ಮಗು ಸಿಗುವುದು ಕಷ್ಟ.

ಹಂತ 4: ಕೆದಕುವ ಪ್ರಶ್ನೆಗಳು

ಇಡೀ ಕೆಲಸದ ಜೀವ ಇಲ್ಲಿದೆ. ಮಕ್ಕಳ ಮೊದಲ ಉತ್ತರ ಯಾವಾಗಲೂ 'ಚೆನ್ನಾಗಿದೆ' ಅಥವಾ 'ಒಂಥರಾ ಇದೆ'. ಅಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋಗುವುದು ನಿಮ್ಮ ಕೆಲಸ. ಕಣ್ಣು ಮುಚ್ಚಿದ ಮಗುವಿನ ಕೈಯಲ್ಲಿ ಅವರೆಕಾಯಿ ಇದ್ದರೆ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಕೈಯಲ್ಲಿ ಏನಿದೆ ಅಂತ ಹೇಳ್ಬೇಡ ಪುಟ್ಟ. ಹೇಗಿದೆ ಹೇಳು."
"ಚೆನ್ನಾಗಿದೆ ಮಿಸ್."
"ಚೆನ್ನಾಗಿದೆ ಅಂತ ಬೆರಳಿಗೆ ಹೇಗೆ ಗೊತ್ತಾಯ್ತು?"
"ಅಂಟುತ್ತೆ ಮಿಸ್."
"ಬೆಲ್ಲ ಅಂಟುತ್ತಲ್ಲ, ಹಾಗಾ?"
"ಅಲ್ಲ ಮಿಸ್. ಎಣ್ಣೆ ಥರ. ಆದ್ರೆ ಎಣ್ಣೆ ಜಾರುತ್ತೆ, ಇದು ಜಾರಲ್ಲ."
"ಮೂಗಿನ ಹತ್ರ ತಗೊಂಡು ಹೋಗು."
"ಅಮ್ಮನ ಸೆರಗು!"
"ಅದ್ಯಾಕೆ?"
"ಬಿಡಿಸಿ ಬಿಡಿಸಿ ಅಲ್ಲೇ ಒರೆಸ್ಕೋತಾರೆ ಮಿಸ್."

ಇಲ್ಲಿ ಟೀಚರ್ ಮಾಡಿದ್ದೇನು ಗಮನಿಸಿ. ಪದ ಕೊಡಲಿಲ್ಲ. 'ಜಿಡ್ಡು ಅನ್ನು' ಅಂತ ಹೇಳಿಕೊಡಲಿಲ್ಲ. ಬೇಕಂತಲೇ ಒಂದು ತಪ್ಪು ಹೋಲಿಕೆ ಮುಂದಿಟ್ಟರು. 'ಅಲ್ಲ ಮಿಸ್' ಅನ್ನುವ ಅವಕಾಶ ಸಿಕ್ಕಿದರೆ ಮಕ್ಕಳು ಬಹಳ ಖುಷಿಯಿಂದ ನಿಖರವಾಗುತ್ತಾರೆ. ದೊಡ್ಡವರನ್ನು ತಿದ್ದುವುದು ಯಾವ ಮಗುವಿಗೆ ಇಷ್ಟವಿಲ್ಲ!

ಇನ್ನೂ ಕೆಲವು ಪ್ರಶ್ನೆಗಳನ್ನು ಜೇಬಲ್ಲಿ ಇಟ್ಟುಕೊಂಡಿರಿ. ಮೊದಲು ಎಲ್ಲಿಗೆ ತಗಲಿತು? ಆಮೇಲೆ ಎಲ್ಲಿಗೆ ಹೋಯಿತು? ಎಷ್ಟು ಹೊತ್ತು ಇತ್ತು? ಈ ವಾಸನೆ ಮನೆಯಲ್ಲಿ ಯಾರ ಹತ್ತಿರ ಬರುತ್ತೆ? ಈ ಸದ್ದು ನಿಂತ ಮೇಲೆ ಇನ್ನೇನು ಕೇಳಿಸಿತು? ಬೇರೆ ಕಾಲದಲ್ಲೂ ಇದು ಹೀಗೇ ಇರುತ್ತಾ?

'ಇದು ಯಾವುದರ ಹಾಗಿದೆ?' ಅನ್ನುವ ಪ್ರಶ್ನೆಯನ್ನು ಮಾತ್ರ ಮೊದಲೇ ಕೇಳಬೇಡಿ. ಕೇಳಿದರೆ 'ಹಾಲಿನ ಹಾಗೆ ಬಿಳಿ', 'ಮುತ್ತಿನ ಹಾಗೆ ಇಬ್ಬನಿ' ಅಂತ ಸಿದ್ಧ ಸರಕು ಹೊರಗೆ ಬರುತ್ತದೆ. ಹೋಲಿಕೆ ತಾನಾಗಿ ಬಂದರೆ ಬರಲಿ. ಮೇಲಿನ ಮಗುವಿಗೆ ಅಮ್ಮನ ಸೆರಗು ಬಂದ ಹಾಗೆ.

ಹಂತ 5: ಜೋಡಿ ಪದಗಳ ಬುಟ್ಟಿ

ಕನ್ನಡದಲ್ಲಿ ಬರೆಯುವ ಮಕ್ಕಳಿಗೆ ಒಂದು ದೊಡ್ಡ ಆಸ್ತಿ ಪುಕ್ಕಟೆ ಸಿಕ್ಕಿದೆ. ಗಡಗಡ, ಥರಥರ, ಕಟಕಟ, ಚಿಟಪಟ, ಚುರುಚುರು, ಚುಮುಚುಮು, ಗರಿಗರಿ, ಘಮಘಮ, ಕುರುಕುರು, ತೊಟತೊಟ. ವ್ಯಾಕರಣ ಪುಸ್ತಕದಲ್ಲಿ ಅನುಕರಣಾವ್ಯಯ ಅಂತ ಒಂದು ಸಾಲು ಓದಿ ಮುಗಿಸಿರುತ್ತಾರೆ. ಇಲ್ಲಿ ಅದಕ್ಕೆ ನಿಜವಾದ ಕೆಲಸ ಕೊಡಿ.

ಬೋರ್ಡ್ ಮೇಲೆ ಐದು ಬುಟ್ಟಿ ಬರೆಯಿರಿ: ಚರ್ಮ, ಮೂಗು, ಕಿವಿ, ನಾಲಗೆ, ಕಣ್ಣು. ಪ್ರತಿ ಬುಟ್ಟಿಗೆ ಮಕ್ಕಳಿಂದಲೇ ಪದ ತುಂಬಿಸಿ. ಇರುವ ಪದ ಸಾಲದಿದ್ದರೆ ಅವರೇ ಹುಟ್ಟಿಸಲಿ. ಒಣಎಲೆಯ ಮೇಲೆ ನಾಯಿಮರಿ ನಡೆದರೆ ಯಾವ ಸದ್ದು? ಅಜ್ಜ ಬಿಸಿ ಕಾಫಿ ಹೀರಿದರೆ? ಎಣ್ಣೆ ಹಚ್ಚಿದ ಹಿಮ್ಮಡಿ ನೆಲಕ್ಕೆ ಉಜ್ಜಿದರೆ? 'ಸೊರ್ರ್', 'ಚರಪರ', 'ಕ್ರಚ್ ಕ್ರಚ್' ಏನೇ ಬರಲಿ, ಬರೆದುಕೊಳ್ಳಿ. ಕಾಗುಣಿತ ಸರಿಯಿದೆಯಾ ಅಂತ ಈಗ ನೋಡಬೇಡಿ.

ಆದರೆ ಒಂದು ಕವಿತೆಗೆ ಎರಡು ಜೋಡಿ ಪದ ಸಾಕು ಅಂತ ನಿಯಮ ಮಾಡಿ. ಇಲ್ಲದಿದ್ದರೆ ಹಾಳೆ ತುಂಬ ಗಡಗಡ ಥರಥರ ಆಗಿ ಏನೂ ಕೇಳಿಸುವುದಿಲ್ಲ.

ಹಂತ 6: ಎಲ್ಲರೂ ಸೇರಿ ಒಂದು ಕವಿತೆ

ಎರಡನೇ ಪೀರಿಯಡ್. ಒಬ್ಬೊಬ್ಬರೇ ಬರೆಯುವ ಮುಂಚೆ ಬೋರ್ಡ್ ಮೇಲೆ ಒಂದನ್ನು ಒಟ್ಟಿಗೆ ಕಟ್ಟಿ. ತಟ್ಟೆಯಿಂದ ಒಂದೇ ವಸ್ತು ಆರಿಸಿ. ಹಿಂದಿನ ದಿನ ಜೋಡಿಗಳು ಬರೆದುಕೊಂಡ ಚೀಟಿಗಳಿಂದ ಸಾಲು ಹೆಕ್ಕಿ. ನಾಲ್ಕೈದು ಸಾಲಾದ ಮೇಲೆ ಯಾವುದು ಮೊದಲು, ಯಾವುದು ಕೊನೆ ಅಂತ ಜಗಳ ಆಡಲು ಬಿಡಿ. ಆ ಜಗಳದಲ್ಲೇ ಅವರು ಕಲಿಯುತ್ತಾರೆ.

ಮಕ್ಕಳ ಧಾಟಿಯಲ್ಲಿ ನಾನು ಬರೆದ ಒಂದು ಮಾದರಿ ಇಲ್ಲಿದೆ. ಈ ಲೇಖನದ ಉಳಿದ ಮಾದರಿಗಳೂ ಹಾಗೇ ಬರೆದವು.

ಸಿಪ್ಪೆ ಚಟ್ ಅಂತ ಒಡೆಯಿತು
ಒಳಗೆ ನಾಲ್ಕು ಜನ ಮಲಗಿದ್ದರು
ಕೈಗೆ ಜಿಡ್ಡು, ಜಿಡ್ಡಿಗೆ ಸೊಗಡು
ಸೋಪು ಹಾಕಿ ತೊಳೆದೆ
ಆದರೂ ನನ್ನ ಲೆಕ್ಕದ ಪುಸ್ತಕಕ್ಕೆ
ಅವರೆಕಾಯಿ ವಾಸನೆ

ಇದರಲ್ಲಿ ಕಿವಿ, ಕಣ್ಣು, ಚರ್ಮ, ಮೂಗು ಇವೆ. ನಾಲಗೆ ಇಲ್ಲ. ಪರವಾಗಿಲ್ಲ. ಐದೂ ಇಂದ್ರಿಯ ಬರಲೇಬೇಕು ಅಂತ ಪಟ್ಟು ಹಿಡಿದರೆ ಕವಿತೆ ಹೋಗಿ ಹಾಜರಿ ಪುಸ್ತಕ ಆಗುತ್ತದೆ. ಮೂರು ಬಂದರೆ ಸಾಕು. ಅದರಲ್ಲಿ ಒಂದು ಮೂಗಿನದ್ದೋ ಚರ್ಮದ್ದೋ ಇರಲಿ.

ಹಂತ 7: ಒಬ್ಬೊಬ್ಬರಾಗಿ ಬರೆಯುವುದು

ಈಗ ಮಕ್ಕಳಿಗೆ ಮೂರು ನಿಯಮ ಹೇಳಿ.

ಇಡೀ ಚಳಿಗಾಲ ಬರೆಯಬೇಡ, ಒಂದು ಗಳಿಗೆ ಬರೆ. ಬಚ್ಚಲಮನೆಯ ಮೊದಲ ಚೊಂಬು, ಸ್ಕೂಲ್ ವ್ಯಾನಿನ ಮಂಜು ಹಿಡಿದ ಗಾಜು, ಒಲೆ ಮುಂದೆ ಅಜ್ಜಿಯ ಪಕ್ಕ, ಹಾಲು ತರಲು ಹೋದ ಬೀದಿ. ಯಾವುದಾದರೂ ಒಂದು.

'ಚಳಿ' ಅನ್ನುವ ಪದ ಎಲ್ಲೂ ಬರಬಾರದು. ತಲೆಬರಹದಲ್ಲೂ ಬೇಡ. ಓದಿದವರಿಗೆ ಗೊತ್ತಾಗಬೇಕು, ನೀನು ಹೇಳಬಾರದು. ಥಂಡಿ, ಶೀತ ಅಂತ ಬದಲಿ ಪದ ಹಾಕಿ ತಪ್ಪಿಸಿಕೊಳ್ಳುವ ಜಾಣರು ಇದ್ದೇ ಇರುತ್ತಾರೆ. ಅದಕ್ಕೂ ಮೊದಲೇ ಬೇಲಿ ಹಾಕಿ.

ಸುಂದರ, ಮನೋಹರ, ತುಂಬಾ, ಚೆನ್ನಾಗಿ, ಖುಷಿಯಾಯಿತು ಇವಕ್ಕೂ ರಜೆ.

ಆಮೇಲೆ 15 ನಿಮಿಷ ಸುಮ್ಮನಿರಿ. ಕ್ಲಾಸಲ್ಲಿ ಓಡಾಡಿ ಹೆಗಲ ಮೇಲಿಂದ ಇಣುಕಬೇಡಿ. ಸಾಧ್ಯವಾದರೆ ನೀವೂ ಕೂತು ಒಂದು ಬರೆಯಿರಿ. ಟೀಚರ್ ಕೂಡ ಗೀಚಿ ಹೊಡೆದು ಹಾಕುತ್ತಿದ್ದಾರೆ ಅಂತ ಕಂಡರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಈ ನಿಯಮ ಹಾಕಿದರೆ ಎಂಥದ್ದು ಬರಬಹುದು ಅನ್ನುವುದಕ್ಕೆ:

ಚೊಂಬು ಮುಟ್ಟಿದೆ, ಕೈ ಹಿಂದಕ್ಕೆ ಓಡಿತು
ಅಜ್ಜಿ ಒಲೆ ಊದಿದರೆ
ಹೊಗೆ ನನ್ನ ಕಣ್ಣಿಗೇ ಯಾಕೆ?
ಮೊದಲ ಚೊಂಬು: ಹಾ!
ಎರಡನೇ ಚೊಂಬು: ಹಾ...
ಟವೆಲ್ ಸುತ್ತಿಕೊಂಡು ಹೊರಗೆ ಬಂದೆ
ಮೈಯಿಂದ ಆವಿ ಏಳುತ್ತಿದೆ
ಈಗ ನಾನೇ ಹಂಡೆ

'ಹಾ!' ಮತ್ತು 'ಹಾ...' ನಡುವಿನ ವ್ಯತ್ಯಾಸ ನೋಡಿ. ಒಂದು ಚಿಹ್ನೆ ಅಷ್ಟೇ ಬದಲಾಗಿದ್ದು. ಇಂಥದ್ದನ್ನು ಮಗು ಬರೆದಾಗ ಎತ್ತಿ ತೋರಿಸಿ. ಚಿಹ್ನೆಗಳ ಪಾಠಕ್ಕೆ ಬೇರೆ ಪೀರಿಯಡ್ ಬೇಡ.

ಏನೂ ಹೊಳೆಯದೆ ಕೂತ ಮಗುವಿಗೆ ಒಂದು ಏಣಿ ಕೊಡಬಹುದು:

ಬಾಗಿಲು ತೆಗೆದ ಕೂಡಲೇ ಮುಖಕ್ಕೆ ____
ಕಾಲ ಕೆಳಗೆ ____
ದೂರದಲ್ಲಿ ಯಾರೋ ____
ಅಡುಗೆಮನೆಯಿಂದ ____
ನಾನು ಮಾತ್ರ ____

ಬರೆದಾದ ಮೇಲೆ ಏಣಿಯ ಪದಗಳಲ್ಲಿ ಒಂದೆರಡನ್ನಾದರೂ ಹೊಡೆದು ಹಾಕಲು ಹೇಳಿ. ಇಲ್ಲದಿದ್ದರೆ ಎಲ್ಲರದ್ದೂ ಒಂದೇ ಕವಿತೆ ಆಗುತ್ತದೆ.

ಪ್ರಾಸ ಬೇಕಾ?

ಪೋಷಕರು ಕೇಳುವ ಮೊದಲ ಪ್ರಶ್ನೆ ಇದೇ. ಪ್ರಾಸ ಇಲ್ಲದ್ದು ಕವಿತೆ ಹೇಗೆ ಆಗುತ್ತೆ ಅಂತ. ಪ್ರಾಸದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಗು ಪ್ರಾಸ ಹುಡುಕಲು ಹೊರಟರೆ ಕಂಡದ್ದನ್ನು ಬಿಟ್ಟು ಸಿಕ್ಕಿದ್ದನ್ನು ಬರೆಯುತ್ತದೆ. ಉದಾಹರಣೆಗೆ:

ಚಳಿಗಾಲ ಬಂದಿತು
ತುಂಬಾ ಚಳಿ ತಂದಿತು
ಸ್ವೆಟರ್ ಹಾಕಿಕೊಂಡೆನು
ಬಿಸಿ ಹಾಲು ಕುಡಿದೆನು

ಬಂದಿತು, ತಂದಿತು ಸೇರಿತು, ಸರಿ. ಮಗು ಎಲ್ಲಿ ಹೋಯಿತು? ಇದೇ ಮಗುವನ್ನು ಸ್ವೆಟರ್ ಬಗ್ಗೆ ಮಾತ್ರ ಕೇಳಿ. ಎಲ್ಲಿಂದ ತೆಗೆದಿರಿ? ಏನು ವಾಸನೆ? ಹಾಕಿಕೊಳ್ಳುವಾಗ ಎಲ್ಲಿ ಸಿಕ್ಕಿಕೊಂಡಿತು? ಹಾಲಿನ ಲೋಟ ಹೇಗೆ ಹಿಡಿದೆ? ಆಗ ಹೀಗೆ ಬರಬಹುದು:

ಟ್ರಂಕಿನಿಂದ ಸ್ವೆಟರ್ ಎದ್ದು ಬಂತು
ನುಸಿಗುಳಿಗೆ ವಾಸನೆ ಹೊತ್ತು
ತಲೆ ಒಳಗೆ ಹೋಯ್ತು, ಹೊರಗೆ ಬರಲಿಲ್ಲ
ಕುತ್ತಿಗೆಗೆಲ್ಲ ಚುಚ್ಚುಚುಚ್ಚು
ಹಾಲಿನ ಲೋಟಕ್ಕೆ ಎರಡೂ ಕೈ
ಕೆನೆ ಅಂಟಿ ಮೀಸೆ ಬಂತು

ಮೊದಲ ಸಾಲಿನ 'ಬಂತು' ಕೊನೆಯಲ್ಲಿ ಮತ್ತೆ ಬಂದಿದೆ, 'ಹೊತ್ತು' 'ಚುಚ್ಚು' ಹತ್ತಿರ ಹತ್ತಿರ ನಿಂತಿವೆ. ಯಾರೂ ಹುಡುಕದೆ ಬಂದ ನಾದ ಇದು. ಅಷ್ಟು ಸಾಕು.

ದೊಡ್ಡ ಮಕ್ಕಳಿಗೆ ಬೇಕಾದರೆ ಒಂದು ಆಟ ಆಡಿಸಿ. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರಾಸ ಹೆಚ್ಚಾಗಿ ಸಾಲಿನ ಕೊನೆಯಲ್ಲಿ ಅಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಇರುತ್ತಿತ್ತು. 'ಒಲೆಯ ಮುಂದೆ', 'ಎಲೆಯ ತುದಿಗೆ', 'ತಲೆಯ ಮೇಲೆ'. ಇದನ್ನು ಆಟವಾಗಿಯೇ ಇಡಿ. ಕವಿತೆಗೆ ಕಡ್ಡಾಯ ಮಾಡಬೇಡಿ.

ಹಂತ 8: ತಿದ್ದುವುದು ಅಂದರೆ ಹೊಡೆದು ಹಾಕುವುದು

ಮೂರನೇ ಪೀರಿಯಡ್. ಕೆಂಪು ಪೆನ್ನು ಚೀಲದಲ್ಲೇ ಇರಲಿ. ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಮೂರು ಕೆಲಸ ಹೇಳಿ.

ಮೊದಲ ಸಾಲನ್ನು ಕೈಯಿಂದ ಮುಚ್ಚಿ ಓದು. ಅದಿಲ್ಲದೆಯೂ ನಡೆಯುತ್ತಾ? ಬಹಳ ಸಲ ನಡೆಯುತ್ತದೆ. ಮೊದಲ ಸಾಲು ಮಗು ಬರೆಯಲು ಧೈರ್ಯ ತಂದುಕೊಂಡ ಸಾಲು. ಕೊನೆಯ ಸಾಲನ್ನೂ ಹಾಗೇ ಮುಚ್ಚಿ ನೋಡಲಿ. 'ಚಳಿಗಾಲ ನನಗೆ ಇಷ್ಟ', 'ಪ್ರಕೃತಿಯನ್ನು ಉಳಿಸೋಣ' ಇಂಥವು ಅಲ್ಲಿ ಅಡಗಿ ಕೂತಿರುತ್ತವೆ. ಶಾಲೆಯ ಪ್ರಬಂಧದಿಂದ ಬಂದ ಅಭ್ಯಾಸ ಅದು.

ಎರಡನೆಯದು, ಒಂದು ಪದಕ್ಕೆ ಇನ್ನೂ ಸರಿಯಾದ ಪದ ಹುಡುಕು. ಹೂವು ಅಂತ ಬರೆದಿದ್ದರೆ ಯಾವ ಹೂವು? ಸೇವಂತಿಗೆಯಾ, ಅವರೆ ಹೂವಾ? ಹಕ್ಕಿ ಅಂದರೆ ಕಾಗೆಯಾ, ಮೈನಾನಾ? ತಿಂಡಿ ಅಂದರೆ?

ಮೂರನೆಯದು, ಸಾಲು ಎಲ್ಲಿ ಮುರಿಯಬೇಕು ಅಂತ ಗಟ್ಟಿಯಾಗಿ ಓದಿ ನೋಡು. ಉಸಿರು ಎಲ್ಲಿ ನಿಲ್ಲುತ್ತೋ ಅಲ್ಲಿ. ಇದನ್ನು ಹೇಳಿಕೊಡುವುದಕ್ಕಿಂತ ಮಾಡಿಸುವುದು ಸುಲಭ.

ಕಾಗುಣಿತ ಕೊನೆಗೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಚೊಕ್ಕವಾಗಿ ಬರೆಯುವಾಗ ಸರಿಮಾಡಿದರಾಯಿತು.

ಮನೆಮಾತನ್ನು ತಿದ್ದಬೇಡಿ

ಕಾಗುಣಿತ ಬೇರೆ, ಆಡುಮಾತು ಬೇರೆ. ಬಾಗಲಕೋಟೆಯ ಮಗು ಹೀಗೆ ಬರೆದರೆ:

ತೆನಿ ಸುಟ್ಟರು, ಬಡಿದರು
ಬಿಸಿ ಕಾಳು ಅಂಗೈಗೆ ಬಿತ್ತು
ಉಫ್ ಅಂದೆ, ಹೊಟ್ಟು ಹಾರಿತು
ಬಾಯಾಗ ಹಾಲು, ಮೂಗಿನಾಗ ಹೊಗಿ
ಅಪ್ಪನ ಮೀಸಿಗೆ ಬೂದಿ ಹತ್ತೇತಿ

'ಬಾಯಲ್ಲಿ', 'ಮೂಗಿನಲ್ಲಿ', 'ಹತ್ತಿದೆ' ಅಂತ ತಿದ್ದಿದರೆ ಸೀತನಿ ಆರಿಹೋಗುತ್ತದೆ. ಹಾಗೇ ಬಿಡಿ. ಪರೀಕ್ಷೆಯಲ್ಲಿ ಬರೆಯುವ ಭಾಷೆ ಯಾವುದು, ಕವಿತೆಗೆ ಬರಬಹುದಾದ ಭಾಷೆ ಯಾವುದು ಅನ್ನುವುದು ಮಕ್ಕಳಿಗೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಗೊತ್ತಾಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಗುವಿಗೆ ಒಂದು ತಿಂಡಿಯ ಹೆಸರೋ ಅಜ್ಜಿಯ ಬೈಗುಳವೋ ಮನೆಮಾತಿನಲ್ಲೇ ಬಂದರೆ ಕನ್ನಡ ಲಿಪಿಯಲ್ಲಿ ಹಾಗೇ ಬರೆಯಲಿ. ಅರ್ಥ ಬೇಕಾದವರು ಆ ಮಗುವನ್ನೇ ಕೇಳಲಿ.

ಎದುರಾಗುವ ತೊಡಕುಗಳು

ಎಲ್ಲರ ಚಳಿಗಾಲ ಬೆಚ್ಚಗಿರುವುದಿಲ್ಲ. ಕಬ್ಬು ಕಡಿಯಲು ವಲಸೆ ಬಂದು ಗುಡಿಸಲಲ್ಲಿರುವವರ ಮಗು, ಇಟ್ಟಿಗೆ ಗೂಡಿನ ಹತ್ತಿರದ ಮಗು, ಕಟ್ಟಡದ ಕೆಲಸದವರ ಶೆಡ್ಡಿನ ಮಗು ನಿಮ್ಮ ಕ್ಲಾಸಲ್ಲಿ ಇರಬಹುದು. 'ಬೆಚ್ಚಗೆ ಹೊದ್ದು ಮಲಗಿದಾಗ ಹೇಗನ್ನಿಸುತ್ತೆ?' ಅಂತ ಎಲ್ಲರನ್ನೂ ಕೇಳುವ ಮುಂಚೆ ಯೋಚಿಸಿ. ತಟ್ಟೆಯ ವಸ್ತುವಿನಿಂದ ಶುರು ಮಾಡುವುದಕ್ಕೆ ಇದೂ ಒಂದು ಕಾರಣ. ಅವರೆಕಾಯಿ ಎಲ್ಲರ ಕೈಗೂ ಒಂದೇ ಥರ ಅಂಟುತ್ತದೆ. ಆ ಮಗು ತಾನಾಗಿ ಹರಿದ ಚಾದರ ಬಗ್ಗೆ ಬರೆದರೆ, ಉಳಿದ ಕವಿತೆಗಳನ್ನು ಓದಿದ ಹಾಗೇ ಓದಿ. ಅಯ್ಯೋ ಪಾಪ ಅನ್ನಬೇಡಿ. ಎಲ್ಲರೆದುರು ಓದಬೇಕಾ ಬೇಡವಾ ಅಂತ ಅವನನ್ನೇ ಕೇಳಿ. ಚಾದರದ ವ್ಯವಸ್ಥೆ ಮಾಡಲು ಆದರೆ ಮಾಡಿ, ಆದರೆ ಕವಿತೆಗೆ ಬಹುಮಾನವಾಗಿ ಅಲ್ಲ.

ನಗು ಬರಿಸುವ ಮಗು ಇರುತ್ತದೆ. ಸುರಿಯುವ ಮೂಗಿನ ಮೇಲೆ, ಸ್ನಾನ ತಪ್ಪಿಸಿಕೊಂಡ ದಿನಗಳ ಮೇಲೆ ಬರೆಯುತ್ತದೆ. ಬರೆಯಲಿ. ಸಿಂಬಳ ಚಳಿಗಾಲದ ಬಹಳ ಪ್ರಾಮಾಣಿಕ ವಿವರ.

ಮನೆಯಲ್ಲಿ ಅಪ್ಪ ಅಮ್ಮ ಬರೆದುಕೊಟ್ಟ ಕವಿತೆಯೂ ಬರುತ್ತದೆ. 'ಶಿಶಿರದ ಶೀತಲ ಸಮೀರ' ಅಂತ ಶುರುವಾದರೆ ಅರ್ಥ ಮಾಡಿಕೊಳ್ಳಿ. ಬೈಯುವುದು ಬೇಡ. ಮಗುವಿನ ಕೈಗೆ ಒಂದು ಕಡಲೆಕಾಯಿ ಕೊಟ್ಟು ನಿಮ್ಮ ಎದುರಿಗೆ ಎರಡೇ ಸಾಲು ಬರೆಸಿ, ಆ ಎರಡು ಸಾಲನ್ನೇ ಗೋಡೆಗೆ ಹಾಕಿ. ಕೆಲಸ ಕ್ಲಾಸಲ್ಲೇ ಮುಗಿಸಿ, ಹೋಂವರ್ಕ್ ಕೊಡದಿದ್ದರೆ ಈ ಸಮಸ್ಯೆಯೇ ಬರುವುದಿಲ್ಲ.

ಹಿಮ ನಿಜವಾಗಿ ಬೀಳುವ ಊರಲ್ಲಿದ್ದರೆ

ಅಮೆರಿಕ, ಕೆನಡಾ, ಜರ್ಮನಿಯ ಕನ್ನಡ ಮಕ್ಕಳಿಗೆ ಮೇಲಿನ ಮಾತು ಉಲ್ಟಾ. ಅವರಿಗೆ ಹಿಮ ಕಾರ್ಟೂನಲ್ಲ, ಬಾಗಿಲ ಮುಂದೆ ಸಲಿಕೆ ಹಿಡಿದು ತೆಗೆಯಬೇಕಾದ ವಸ್ತು. ಭಾನುವಾರದ ಕನ್ನಡ ತರಗತಿಯಲ್ಲಿ ಅವರಿಂದ ಅವರೆಕಾಯಿ ಬಗ್ಗೆಯೇ ಬರೆಸಬೇಕು ಅಂತ ಹಟ ಮಾಡಬೇಡಿ. ಬೂಟಿನ ಕೆಳಗೆ ಹಿಮ ಮಾಡುವ ಸದ್ದಿಗೆ ಒಂದು ಕನ್ನಡ ಜೋಡಿ ಪದ ಹುಟ್ಟಿಸಲಿ. ಒದ್ದೆಯಾದ ಕೈಗವಸು ಹೀಟರ್ ಮೇಲೆ ಒಣಗುವ ವಾಸನೆ, ಸ್ವೆಟರ್ ತೆಗೆಯುವಾಗ ಕೂದಲಲ್ಲಿ ಚಟಚಟ ಅನ್ನುವ ಕಿಡಿ, ವಿಡಿಯೋ ಕಾಲಿನಲ್ಲಿ ಅಜ್ಜಿ 'ಟೋಪಿ ಹಾಕ್ಕೊಂಡ್ಯಾ?' ಅನ್ನುವುದು. ಫ್ರೀಜರಿನಲ್ಲಿ ಸಿಗುವ ಅವರೆಕಾಳಿನ ಪೊಟ್ಟಣದ ಮೇಲೆ ಬರೆಯಬೇಕು ಅನ್ನಿಸಿದರೆ ಅದೂ ಸರಿ. ಕೈಗೆ ಮರಗಟ್ಟುವಷ್ಟು ತಣ್ಣಗಿನ ಅವರೆ ಊರಲ್ಲಿ ಯಾರೂ ಮುಟ್ಟಿರುವುದಿಲ್ಲ.

ಓದುವುದು, ಗೋಡೆಗೆ ಹಾಕುವುದು, ಅಂಕ

ಓದುವಾಗ ಕೇಳುವವರು ಕಣ್ಣು ಮುಚ್ಚಿರಲಿ. ಓದಿದ ಮೇಲೆ ಚಪ್ಪಾಳೆಗಿಂತ ಮುಂಚೆ ಒಂದು ಪ್ರಶ್ನೆ: ಯಾವ ಸಾಲು ನಿಮ್ಮ ಮೈಗೆ ತಗಲಿತು? ಬರೆದ ಮಗುವಿಗೆ 'ಗುಡ್' ಅನ್ನುವುದಕ್ಕಿಂತ 'ಕೆನೆ ಮೀಸೆ' ಅಂತ ಮೂರು ಜನ ಹೇಳಿದರೆ ಜಾಸ್ತಿ ಅರ್ಥವಾಗುತ್ತದೆ.

ಅಂಕ ಕೊಡಬೇಡಿ. ಶಾಲೆಯ ಲೆಕ್ಕಕ್ಕೆ ಏನಾದರೂ ಬರೆಯಲೇಬೇಕು ಅಂದರೆ ಮೂರು ವಿಷಯ ನೋಡಿ. ಮಗು ಸ್ವತಃ ಕಂಡ, ಮುಟ್ಟಿದ ಒಂದು ವಿವರವಾದರೂ ಇದೆಯಾ? ಮೊದಲ ಕರಡು ಪ್ರತಿಗೂ ಕೊನೆಯ ಪ್ರತಿಗೂ ಏನಾದರೂ ಬದಲಾಗಿದೆಯಾ? ಬೇರೆಯವರ ಕವಿತೆಯ ಒಂದು ಸಾಲನ್ನು ನೆನಪಿಟ್ಟುಕೊಂಡಿದೆಯಾ? ಕೊನೆಯದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕವಿತೆಗಳನ್ನು ಎ4 ಹಾಳೆ ಅರ್ಧಕ್ಕೆ ಮಡಿಸಿ ಹೊಲಿದು ಒಂದು ಪುಟ್ಟ ಪುಸ್ತಕ ಮಾಡಿ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವಾಗ ಎಳ್ಳು-ಬೆಲ್ಲದ ಪೊಟ್ಟಣದ ಜೊತೆ ಒಂದೊಂದು ಕವಿತೆಯ ಚೀಟಿ ಇಟ್ಟು ಕೊಡಬಹುದು. ಇದಕ್ಕೆ ಡಿಸೆಂಬರ್ ಕೊನೆಯ ವಾರದಲ್ಲೇ ಶುರು ಮಾಡಿ. ರಥಸಪ್ತಮಿ ಹೊತ್ತಿಗೆ ಬಿಸಿಲು ಏರಿರುತ್ತದೆ, ಶಿವರಾತ್ರಿಗೆ ಚಳಿ 'ಶಿವ ಶಿವಾ' ಅಂತ ಹೊರಟೇಬಿಡುತ್ತದೆ. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ. ಆಗ ಕವಿತೆಗೆ ಪೀರಿಯಡ್ ಕೊಡಿ ಅಂದರೆ ಹೆಡ್‌ಮಾಸ್ಟರು ಒಪ್ಪುವುದಿಲ್ಲ.